ಬಾಲ್ಕನಿಗೆ ಹೋದ ಬೋಗುಣಿ

ಮಾರ್ಚ್ 8

ಮಹಿಳಾ ದಿನ. ಫ್ಯಾಕ್ಟರಿಗೆ ಮಧ್ಯಾಹ್ನದಿಂದ ರಜೆ. ಕಾಲುಚೀಲದ ಮಿಷನ್‌ಗಳು ನಿಂತವು, ಯೂನಿಯನ್ನಿನ ಪಾಂಗ್ ಮೈಕ್ ಹಿಡಿದ. ಹೊಸ ವರ್ಷಕ್ಕೆ ಗಂಡಸರಿಗೆ ಥರ್ಮಾಸ್ ಕೊಟ್ಟಿದ್ದರು. ನಮಗೆ ಇವತ್ತು ಗುಲಾಬಿ ಪೆಟ್ಟಿಗೆ — ಒಳಗೆ ಹೆಂಗಸರು 'ಅಲ್ಲಿ' ತೊಳೆದುಕೊಳ್ಳುವ ಔಷಧಿ, ಜೊತೆಗೆ ಉದ್ದ ಮೂತಿಯ ಪಿಚಕಾರಿ. ಮೇಲೆ ಬರಹ: 'ಒಳಗಿನ ಶುಚಿಯೇ ಹೆಣ್ಣಿನ ಸೊಬಗು.' ಅವರಿಗೆ ಬಿಸಿ ಚಹಾ, ನಾವು ಮಾತ್ರ ಕೊಳಕು.

ಪಕ್ಕದ ಮಿಷನ್ನಿನ ಗ್ವೇಝಿ ಅಕ್ಕ ಕಿವಿಯಲ್ಲಿ, "ಪಾಂಗನ ಹೆಂಡ್ತಿ ಅಂಗಡೀಲಿ ಸ್ಟಾಕ್ ಉಳಿದಿತ್ತು ಕಣೆ, ಖಾಲಿ ಆಯ್ತು ಬಿಡು."

ಬಿಟ್ಟಿ ಬಂದದ್ದು. ಮನೆಗೆ ತಂದೆ. ಅತ್ತೆ ಮೂಸಿ ನೋಡಿ, "ಒಳ್ಳೇದು, ದಿನಾ ಹಾಕ್ಕೋ," ಎಂದರು.

ಮಾರ್ಚ್ 27, ಬೆಳಿಗ್ಗೆ

ತುರಿಕೆ. ವಾಸನೆ ಬೇರೆ. ದಿನಕ್ಕೊಂದು ಸಲ ಸಾಲದೇನೋ ಎಂದು ಎರಡು ಸಲ ತೊಳೆದೆ. ಹೆಚ್ಚಾಯಿತು. ಮೂರು ಸಲ… ಉರಿ. ಮಿಷನ್ ಮುಂದೆ ನಿಲ್ಲಲಾಗುತ್ತಿಲ್ಲ.

ಏಪ್ರಿಲ್ 6

ಬಚ್ಚಲಲ್ಲಿ ನನ್ನ ಪ್ಲಾಸ್ಟಿಕ್ ಬೋಗುಣಿಗಳಿಲ್ಲ. ಮುಖಕ್ಕೊಂದು, ಕಾಲಿಗೊಂದು, ಒಳಉಡುಪಿಗೊಂದು — ಮೂರೂ ಬಾಲ್ಕನಿಯಲ್ಲಿ, ನೆಲ ಒರೆಸುವ ಮಾಪ್ ಪಕ್ಕ.

ಕೇಳಿದೆ. ಅತ್ತೆ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಹೈಷೆಂಗ್ ಹಡಗು ಹತ್ತಿ ನಾಲ್ಕು ತಿಂಗಳಾಯ್ತು. ಗಂಡ ಮನೇಲಿಲ್ಲ, ಈ ರೋಗ ಎಲ್ಲಿಂದ ಬಂತು, ಲಾನ್‌ಯಿಂಗ್?"

ತಮ್ಮ ಮಗನಿಗೂ ಫೋನಿನಲ್ಲಿ ಊದಿಯಾಗಿದೆ. ಸಂಜೆ ಅವನದು ಒಂದೇ ಮಾತು: "ಮೇ ಒಂದಕ್ಕೆ ಬರ್ತೀನಿ. ಆಮೇಲೆ ಮಾತಾಡೋಣ." ಏನು ಮಾತಾಡುವುದು? ಇಷ್ಟು ವರ್ಷ ಇವರ ಮನೆಯ ಒಲೆ ಮುಂದೆ ಬೆಂದೆ. ಒಂದು ತುರಿಕೆಗೆ ನನ್ನ ಮಾನ ಮಾಪಿನ ಪಕ್ಕಕ್ಕೆ ಹೋಯಿತು.

ಏಪ್ರಿಲ್ 10

ಆಸ್ಪತ್ರೆ. ಅತ್ತೆಯೂ ಬಂದರು — ಜೊತೆಗಲ್ಲ, ಕಾವಲಿಗೆ.

ಡಾಕ್ಟರಮ್ಮ ಪರೀಕ್ಷೆ ಮುಗಿಸಿ, ರಿಪೋರ್ಟ್ ನೋಡಿ ಕೇಳಿದರು, "ಒಳಗೆ ಏನು ಹಾಕಿ ತೊಳೀತಿದ್ದೀಯಮ್ಮ?"

ಪೆಟ್ಟಿಗೆಯ ಕಥೆ ಹೇಳಿದೆ.

"ಯಾವ ಪುಣ್ಯಾತ್ಮ ಹೇಳಿದ್ದು? ಒಳಗಿನ ಭಾಗ ತನ್ನನ್ನ ತಾನೇ ಶುಚಿ ಮಾಡ್ಕೊಳ್ಳುತ್ತೆ. ಅಲ್ಲಿರೋ ಒಳ್ಳೇ ಕ್ರಿಮಿಗಳನ್ನ ನೀನೇ ತೊಳೆದುಹಾಕಿದೆ, ಕೆಟ್ಟವು ಬೆಳೆದವು. ಹೊರಗೆ ಬರೀ ನೀರು ಸಾಕು. ಮಾತ್ರೆ ಕೊಡ್ತೀನಿ, ಆ ಪಿಚಕಾರಿ ಬಿಸಾಕು."

ಅತ್ತೆ ಬಿಡಲಿಲ್ಲ. "ಅಂದ್ರೆ… ಗಂಡಸರಿಂದ ಅಂಟಿದ್ದಲ್ವಾ?"

"ಅದನ್ನೂ ನೋಡಿದ್ದೀನಿ. ಅಂಥದ್ದೇನೂ ಇಲ್ಲ. ಈ ರಗಳೆ ಬಾಟಲಿಯಿಂದ ಬಂದದ್ದು."

ನಾನು ಎದ್ದೆ. ಅತ್ತೆ ಏಳಲಿಲ್ಲ. ಚೀಲದ ಹಿಡಿ ತಿರುವುತ್ತಾ ಮೆಲ್ಲಗೆ ಅಂದರು, "ಮದುವೆಯಾದಾಗಿಂದ ನಾನು ಮೆಣಸು ಕುದಿಸಿದ ನೀರು ಹಾಕ್ಕೋತಿದ್ದೀನಿ. ನಮ್ಮತ್ತೆ ಹೇಳಿಕೊಟ್ಟಿದ್ದು. ಉರಿ ಇದ್ದೇ ಇರ್ತಿತ್ತು… ಹೆಣ್ಣು ಜನ್ಮ ಅಂದ್ರೆ ಹೀಗೇ ಅಂದ್ಕೊಂಡೆ."

ಬೈಯಲು ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರ ಪಕ್ಕದಲ್ಲೇ ಮತ್ತೆ ಕೂತೆ.

ಏಪ್ರಿಲ್ 11

ಬೋಗುಣಿಗಳು ಬಚ್ಚಲಿಗೆ ಬಂದಿವೆ. ತಪ್ಪಾಯಿತು ಗಿಪ್ಪಾಯಿತು ಏನೂ ಇಲ್ಲ. ನಾನೂ ಮರೆತಿಲ್ಲ.

ಪಾಂಗನ ಮೇಜಿನ ಮೇಲೆ ಪೆಟ್ಟಿಗೆ ಕುಕ್ಕಿ ಬಂದೆ. "ಅಷ್ಟು ಒಳ್ಳೇದಾದ್ರೆ ಥರ್ಮಾಸಿಗೆ ಹುಯ್ಕೊಂಡು ನೀವೇ ಕುಡೀರಿ." ನನ್ನ ಹಿಂದೆ ಗ್ವೇಝಿ ಅಕ್ಕ ತನ್ನದನ್ನೂ ಕುಕ್ಕಿದಳು. ಅವಳಿಗೂ ತುರಿಕೆಯಂತೆ. ಯಾರಿಗೂ ಹೇಳಿರಲಿಲ್ಲ.

ಮೇ 1, ಸಂಜೆ

ಹೈಷೆಂಗ್ ಬಂದ. ಅನುಮಾನ ಫೋನಿನಲ್ಲಿ ಹೇಳಿದ ಅತ್ತೆ ಡಾಕ್ಟರ ಮಾತು ಹೇಳಿರಲಿಲ್ಲ. ಮಗನಿಗೆ ಅದನ್ನೆಲ್ಲ ಹೇಗೆ ಹೇಳುವುದೆಂಬ ನಾಚಿಕೆಯಂತೆ. ಆಮೇಲೆ ಮಾತಾಡೋಣ ಅಂದವನಿಗೆ ನಾನೂ ಫೋನ್ ಮಾಡಿರಲಿಲ್ಲ. ಅವನು ದೊಡ್ಡ ಮನಸ್ಸಿನವನಂತೆ ಸೂಟ್‌ಕೇಸ್ ತೆರೆದು ಪೆಟ್ಟಿಗೆಯೊಂದನ್ನು ನನ್ನ ಮುಂದಿಟ್ಟ. ಅದೂ ಗುಲಾಬಿ.

"ಹೋದದ್ದು ಹೋಯ್ತು. ಯಾರು ಏನು ಅಂತ ಕೇಳಲ್ಲ ನಾನು. ಫಾರಿನ್ ಮಾಲು. ಚೆನ್ನಾಗಿ ತೊಳ್ಕೋ, ಸಾಕು."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಮೊದ್ಲು ಇದರಲ್ಲಿ ನಿನ್ನ ಬಾಯಿ ತೊಳ್ಕೋ," ಎಂದರು. ಎದ್ದು ಬಚ್ಚಲಿಗೆ ಹೋದರು. ಪ್ಲಾಸ್ಟಿಕ್ ಸದ್ದು. ಬಾಲ್ಕನಿಯ ಬಾಗಿಲು ತೆರೆಯಿತು, ಮುಚ್ಚಿತು.

ಈಗ ಅವನು ಹೆಗಲಿಗೆ ಟವೆಲು ಹಾಕಿಕೊಂಡು ಮನೆಯೆಲ್ಲ ಹುಡುಕುತ್ತಿದ್ದಾನೆ. "ನನ್ನ ಬೋಗುಣಿ ಎಲ್ಲಿ?"

ಅತ್ತೆ ನನ್ನ ಮುಖ ನೋಡುತ್ತಿದ್ದಾರೆ. ನಾನೇ ಹೇಳಲಿ ಎಂದು. ಮಾಪಿನ ಪಕ್ಕ—