ಮಲ್ಲಿಗೆ ಬಿಡಿಸಿದ ಕೂಲಿ

ಮಾಗಳ
೧೫-೫-೨೦೦೩

ಅವ್ವಾ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊ, ಹಟ ಮಾಡಬೇಡ. ನಿನ್ನ ಬಂಗಾರದ ಬೋರಮಾಳ ಸರ ಮಾರಿ ಹಾಕಿಸಿದ ಮಲ್ಲಿಗೆ ತೋಟದಿಂದ ಏನು ಬಂತು ಎಂದು ಕೇಳಿದ್ದೀಯಲ್ಲ, ಹೇಳುತ್ತೇನೆ.

ಎರಡು ವರ್ಷ ಏನೂ ಬರಲಿಲ್ಲ. ಈ ಸಲವೂ ಹೀಗೇ ಆದರೆ ಗಿಡ ಕಿತ್ತು ಮೆಕ್ಕೆಜೋಳ ಹಾಕುತ್ತೇನೆ ಎಂದು ನಿನ್ನ ಅಳಿಯ ಕೂತಿದ್ದರು. ಪಕ್ಕದ ತೋಟದ ಪಕ್ಕೀರಮ್ಮನಿಗೂ ಅಷ್ಟೇ ಗಿಡ, ಅಷ್ಟೇ ಹೂವು, ಆದರೆ ಕೈತುಂಬ ಲಾಭ. ನನಗೆ ಹೊಟ್ಟೆ ಉರಿಯಿತು. ಒಂದು ದಿನ ಹಡಗಲಿ ಪೇಟೆಯಲ್ಲಿ ಅವಳ ಪಕ್ಕವೇ ಕೂತು ನೋಡಿದೆ. ಇಲ್ಲಿ ಹೂವು ಅಳೆಯುವುದು ಮಾರುವವಳ ಮೊಳದಿಂದ. ಅವಳದು ಗಿಡ್ಡ ಕೈ, ನನಗೆ ಬಂದಿರುವುದು ಅಪ್ಪನ ಉದ್ದ ಕೈ. ಮೊಳದ ರೇಟು ಇಬ್ಬರದೂ ಒಂದೇ, ಆದರೆ ಅವಳ ಐದು ಮೊಳದ ಮಾಲೆ ನನ್ನ ಕೈಯಲ್ಲಿ ನಾಲ್ಕೇ ಮೊಳ!

ಬೆರಳು ಮಡಚಿ ಅಳೆ ಎಂದರು ಅತ್ತೆ. ಮಡಚಿದೆ. ದಿನಾ ಹೂವು ಒಯ್ಯುವ ಹೆಣ್ಣುಮಗಳೊಬ್ಬಳು, "ನಿನ್ನ ಕೈ ಯಾವಾಗ ಗಿಡ್ಡ ಆತು ಬೇ?" ಎಂದಳು. ನಾಚಿಕೆಯಿಂದ ಸತ್ತೆ. ಮರುದಿನ ಬೆರಳು ಬಿಚ್ಚಿ, ಮೊಳಕ್ಕೆ ಒಂದು ರೂಪಾಯಿ ಏರಿಸಿದೆ. ಅರ್ಧ ಗಿರಾಕಿಗಳು ಪಕ್ಕೀರಮ್ಮನ ಕಡೆ ಹೋದರು. ನಾನು ಇಳಿಸಲಿಲ್ಲ. ಮುಡಿದಾಗ ಅವಳ ಗಿಡ್ಡ ಮೊಳದ ಹೂವು ಸಾಲದೆ ಒಬ್ಬೊಬ್ಬರೇ ವಾಪಸು ಬಂದರು.

ಈಗ ಗೊಬ್ಬರ, ನೀರು, ಬಸ್ ಚಾರ್ಜು ಕಳೆದು ದುಡ್ಡು ಉಳಿಯುತ್ತಿದೆ. ಹಾಕಿದ್ದಕ್ಕೆ ಲಾಭ ಬಂತು, ಗಿಡ ಇರಲಿ ಎಂದು ನಿನ್ನ ಅಳಿಯ ಮೀಸೆ ತಿರುವಿದರು. ಹಾಕಿದ್ದು ಏನೇನು ಎಂದು ಕೇಳಿದೆ. ಕೋಳಿ ಕೂಗುವಾಗ ಎದ್ದು ಮೊಗ್ಗು ಬಿಡಿಸಿದ ನನ್ನ ಕೂಲಿ ಅದರಲ್ಲಿ ಇರಲೇ ಇಲ್ಲ.

"ಮನ್ಯಾಗಿನ ಹೆಂಗಸಿಗೆ ಯಾತರ ಕೂಲಿ?" ಎಂದರು.

ಅವ್ವಾ, ನೀನು ಹಾಕಿದ ಬಂಗಾರ ಎಲ್ಲರಿಗೂ ಕಂಡಿತು, ನಾನು ಮುರಿದ ಮೈ ಯಾರಿಗೂ ಕಾಣಲಿಲ್ಲ. ನನಗೆ ಸಿಟ್ಟು ಬಂದಿದೆ. ಹಾಕಿದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯದೆ ಲಾಭ ಎಂದರೆ ಅದು ಸುಳ್ಳು. ನನ್ನ ಕೂಲಿ ಹಿಡಿದರೆ ಈ ವರ್ಷ ಉಳಿಯುವುದು ಅಷ್ಟಕ್ಕಷ್ಟೆ. ಆದರೂ ಹಿಡಿಸಿಯೇ ತೀರುತ್ತೇನೆ. ನಿನ್ನ ಬೋರಮಾಳ ತಡವಾದೀತು, ತಪ್ಪುವುದಿಲ್ಲ.

ನಿನ್ನ ಉದ್ದ ಕೈಯ ಮಗಳು,
ಶಿವಗಂಗಾ

ತಾ.ಕ.: ಇವರು ಒಪ್ಪಿದರೇ ಎಂದು ಕೇಳುತ್ತೀ. ಇಲ್ಲ. ಸೋಮವಾರದಿಂದ ನಾನು ಪಕ್ಕೀರಮ್ಮನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದೇನೆ. ನಮ್ಮ ತೋಟದ ಮೊಗ್ಗು ಇವರೇ ಬಿಡಿಸುತ್ತಿದ್ದಾರೆ. ಇವತ್ತು ಅರ್ಧ ಸಾಲು ಮುಗಿಯುವುದರೊಳಗೆ ಹಡಗಲಿ ಬಸ್ ಹೋಗಿಬಿಟ್ಟಿತು. ಆಮೇಲೆ ಬೇಲಿಯ ಹತ್ತಿರ ಬಂದು, ನನ್ನ ಮುಖ ನೋಡದೆ ಕೇಳಿದರು: "ಆಕಿ ದಿನಕ್ಕ ಎಷ್ಟು ಕೊಡ್ತಾಳ?"