ಎರಡನೆಯ ಸೂಜಿ

ನಾವುಂದ
14–9–2009

ಚಿರಂಜೀವಿ ರತನನಿಗೆ ಅಕ್ಕ ಜಲಜಳ ಆಶೀರ್ವಾದ.

ನಾವು ಕ್ಷೇಮ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ತಿಂಗಳಾಯಿತು. ಮೀನು ವ್ಯಾಪಾರದ ಗಡಿಬಿಡಿ ಎಂದು ಸುಳ್ಳು ಹೇಳಲಾರೆ. ಬರೆಯಲು ಕೂತರೆ ಎಂಥ ಮಾತು ಬಂದೀತೋ ಎಂದು ಹೆದರಿ ಸುಮ್ಮನಿದ್ದೆ.

ಮೋಕ್ಷಿತಾ ಶಾಲೆಗೆ ಹೋಗುತ್ತಿದ್ದಾಳೆ. ಫಿಟ್ಸ್ ಮತ್ತೆ ಬಂದಿಲ್ಲ. ಎಡಗಾಲು ಸ್ವಲ್ಪ ಎಳೆಯುತ್ತದೆ. ಮಿದುಳು ಜ್ವರದಿಂದ ನನ್ನ ಏಳು ವರ್ಷದ ಮಗಳನ್ನು ಉಳಿಸಿಕೊಟ್ಟದ್ದು ನೀನು ಕೆಲಸ ಮಾಡುವ ಆಸ್ಪತ್ರೆಯೇ. ಮೊದಲ ದಿನ ಬೆನ್ನಿನಿಂದ ನೀರು ತೆಗೆದು ನೋಡಿದ್ದಕ್ಕೇ ರೋಗ ಗೊತ್ತಾಯಿತು. ಅದನ್ನು ನಾನು ಮರೆತಿಲ್ಲ.

ಮನೆಗೆ ಕಳಿಸುವ ಹಿಂದಿನ ದಿನ ನೀನು ಬಂದು, "ಅಕ್ಕ, ಮದ್ದ್ ಹಿಡ್ದಿತಾ ಇಲ್ಯಾ ಕಾಣ್ಕ್. ಇನ್ನೊಂದ್ ಸಲ ನೀರ್ ತೆಗೀಕ್" ಎಂದೆ. ಕಾಗದ ಚಾಚಿದೆ. ಒಡಹುಟ್ಟಿದವನು ಕೊಟ್ಟ ಕಾಗದವನ್ನು ಯಾರು ಓದುತ್ತಾರೆ? ರುಜು ಹಾಕಿದೆ.

ಕಳೆದ ತಿಂಗಳು ಕಾಲು ತೋರಿಸಲು ಕುಂದಾಪುರದ ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಫೈಲು ತಿರುವಿ, "ಎರಡ್ನೇದ್ ಎಂತಕ್ಕೆ ತೆಗ್ದ್ರ್?" ಎಂದು ಕೇಳಿದರು. ಬಸ್ಸಿನಲ್ಲಿ ಕೂತು, ಫೈಲಿನಲ್ಲಿದ್ದ ನಾನು ರುಜು ಹಾಕಿದ ಆ ಕಾಗದವನ್ನು ಮೊದಲ ಬಾರಿ ಓದಿದೆ. "ಸಂಶೋಧನೆಗೆ ಮಾತ್ರ. ಚಿಕಿತ್ಸೆಗೆ ಅಗತ್ಯವಿಲ್ಲ. ಒಪ್ಪದಿರಬಹುದು." ಎಲ್ಲ ಅಚ್ಚ ಕನ್ನಡದಲ್ಲೇ ಇತ್ತು.

ಮರುದಿನವೇ ನಿಮ್ಮ ದೊಡ್ಡ ಡಾಕ್ಟರನ್ನು ಹೋಗಿ ಕಂಡೆ. ನೀನು ದಿಲ್ಲಿಗೆ ಹೋಗಿದ್ದೆಯಂತೆ. "ರತನ್ ನಿಮಗೆ ಹೇಳಿರಲಿಲ್ವಾ?" ಎಂದು ಅವರು ಫೈಲು ತೆರೆದು ತೋರಿಸಿದರು. ತಾಯಿಗೆ ಎಲ್ಲವನ್ನೂ ವಿವರಿಸಲಾಗಿದೆ, ಸ್ವಇಚ್ಛೆಯಿಂದ ಒಪ್ಪಿದ್ದಾರೆ ಎಂದು ನಿನ್ನದೇ ಅಕ್ಷರ. ನಿಮ್ಮ ಅಧ್ಯಯನಕ್ಕೆ ನಲವತ್ತು ಮಕ್ಕಳು ಬೇಕಿತ್ತಂತೆ. ಆಗ ಒಂದು ಮಗು ಕಡಿಮೆ ಬಿದ್ದಿತ್ತಂತೆ. ನಿಜ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ ಎಂದು ನಿನಗೆ ಗೊತ್ತಿತ್ತು.

ಮಗುವನ್ನು ಅಧ್ಯಯನದಿಂದ ಬಿಡಿಸುತ್ತೇನೆಂದು ಅಲ್ಲೇ ಬರೆದುಕೊಟ್ಟೆ. ನೀನು ನನಗೆ ಸುಳ್ಳು ಹೇಳಿದ್ದನ್ನೂ ಬರೆದೆ. ನಿನ್ನ ಕೆಲಸಕ್ಕೆ ಕುತ್ತು ಬಂದರೆ ಬರಲಿ. ವರ್ಷದ ತಪಾಸಣೆಗೆ ಮನೆಗೇ ಬರುತ್ತೇನೆ ಎಂದು ಬರೆದಿದ್ದೀಯ. ಈ ಅಂಗಳಕ್ಕೆ ಕಾಲಿಡಬೇಡ.

ನಿನಗೂ ಮದುವೆಯಾಗಲಿ, ಮಕ್ಕಳಾಗಲಿ. ಅವರಿಗೆ ಜ್ವರ ಬಾರದಿರಲಿ.

ಇತಿ,
ಜಲಜ

ವಿ.ಸೂ.: ಎರಡನೆಯ ಸಲ ನೀರು ತೆಗೆಯುವಾಗ "ಅಲ್ಗಾಡದಂಗೆ ಗಟ್ಟಿ ಹಿಡ್ಕೊ ಅಕ್ಕ" ಎಂದೆಯಲ್ಲ. ಮಗುವಿನ ಮಂಡಿಯನ್ನು ಅವಳ ಎದೆಗೆ ಒತ್ತಿ ನಾನೇ ಹಿಡಿದೆ. "ಅಮ್ಮ, ಬಿಡ್" ಎಂದು ಎಷ್ಟು ಕೂಗಿದರೂ ಬಿಡಲಿಲ್ಲ. ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಮಾಮ ಯಾವಾಗ ಬರುತ್ತಾನೆ ಎಂದು ಈಗಲೂ ಕೇಳುತ್ತಾಳೆ. ಆದರೆ ಜಡೆ ಹಾಕಿಸಿಕೊಳ್ಳಲು ನನ್ನ ಹತ್ತಿರ ಬರುವುದಿಲ್ಲ, ಪಕ್ಕದ ಮನೆಯ ಪದ್ದುವಿನ ಹತ್ತಿರ ಹೋಗುತ್ತಾಳೆ. ಯಾಕೆ ಎಂದು ಪದ್ದು ಕೇಳಿದ್ದಕ್ಕೆ, "ಅಮ್ಮ ಹಿಡ್ಕಂತ್" ಎಂದಳಂತೆ.