ಒಂದೇ ಹಾಸಿನ ಎರಡು ಸೀರೆ

ಗಜೇಂದ್ರಗಡ, ೧೦ ಜನವರಿ ೧೯೫೪, ರವಿವಾರ

ಇವತ್ತು ಮಗ್ಗದಿಂದ ಬೇಗ ಎದ್ದೆ. ನಿನ್ನೆಯ ಟಪಾಲಿನಲ್ಲಿ ಬಂದ, ಗೆಳೆಯ ಪರಶಪ್ಪನ ಫೋಟೋ ನೋಡುತ್ತ ಕೂತೆ. ಅವನ ನಾಟಕ ಕಂಪನಿ ಈಗ ರೋಣದಲ್ಲಿ. ನಾನು ನೇಯ್ದು ಕೊಟ್ಟ ಹಸಿರು ಸೀರೆ ಉಟ್ಟಿದ್ದಾನೆ — ದ್ರೌಪದಿ ಪಾರ್ಟು. ಗಂಡಸೆಂದು ಯಾರೂ ಹೇಳಲಾರರು. ಕೆಳಗೆ ನೀಲಿ ಮಸಿಯ ಸಹಿ: 'ಈಶಪ್ಪಗ — ಸೀರಿ ನಿನ್ನದು, ರೂಪ ನನ್ನದು. ಪರಶಪ್ಪ.' ದಡಿ ಎಷ್ಟು ಸ್ಪಷ್ಟ ಬಂದಿದೆ. ಹೆಮ್ಮೆಯಾಯಿತು, ಸುಳ್ಳೇಕೆ.

ಅವ್ವ ಮಾತ್ರ ಮುಖ ತಿರುವಿದಳು. "ಒಂದ ಹಾಸಿನ ಎಳ್ಯಾಗ ನೇದ ಸೀರಿ ಅಕ್ಕ-ತಂಗಿ ಇದ್ದಂಗ. ಅಗಲಿಸಬ್ಯಾಡ ಅಂದಿದ್ದೆ. ಒಂದಕ್ಕ ಬಂದದ್ದು ಇನ್ನೊಂದಕ್ಕ ಬರತೈತಿ."

ಆ ಇನ್ನೊಂದು ಸೀರೆ ಪೆಟ್ಟಿಗೆಯಲ್ಲಿದೆ. ಮಗಳು ನೀಲವ್ವ ಬಸುರಿ, ಏಳನೇ ತಿಂಗಳ ಕುಬಸದ ಆರತಿಗೆ ಉಡಲೆಂದು ಇಟ್ಟದ್ದು. ನಕ್ಕುಬಿಟ್ಟೆ.

೧೩ ಜನವರಿ

ಭೂತಗನ್ನಡಿ ಹಿಡಿದು ಫೋಟೋದಲ್ಲಿ ಎಳೆ ಎಣಿಸುತ್ತಿದ್ದೆ. ನೇಕಾರನ ಚಟ. ಸೆರಗಿನ ಮೇಲೆ, ಎಡ ಹೆಗಲ ಹತ್ತಿರ ಕಪ್ಪು ಚುಕ್ಕೆ. ಮೊನ್ನೆ ಇರಲಿಲ್ಲ... ಇತ್ತೇನೋ. ಒರೆಸಿದೆ. ಹೋಗಲಿಲ್ಲ.

೧೬ ಜನವರಿ

ಚುಕ್ಕೆ ಬಿಲ್ಲಿ ನಾಣ್ಯದಷ್ಟಾಗಿದೆ. ನಮ್ಮೂರಲ್ಲಿ ಫೋಟೋ ತೆಗೆಯುವ ಮೆಹಬೂಬಸುಭಾನಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದ.

"ಎಲ್ಲೈತಿ ಚುಕ್ಕಿ, ಈಶಪ್ಪಣ್ಣ? ಸ್ವಚ್ಛ ಐತಲ್ಲ."

ನನಗೊಬ್ಬನಿಗೇ ಕಾಣುತ್ತದೆಯೇ?

೨೯ ಜನವರಿ

ಬರೆಯಲು ಕೈ ಬಂದಿರಲಿಲ್ಲ. ಹದಿನೆಂಟನೇ ತಾರೀಖಿನ ಆಟದಲ್ಲಿ ಗ್ಯಾಸಬತ್ತಿ ಉರುಳಿ ಪರಶಪ್ಪನ ಸೆರಗಿಗೆ ಬೆಂಕಿ. ಎಡ ಹೆಗಲಿನಿಂದ. ಮೂರು ದಿನ ಜೀವ ಇತ್ತಂತೆ.

ಫೋಟೋ ತೆಗೆದು ನೋಡಿದೆ. ಕಲೆ ಇಲ್ಲ. ಸೀರೆ ಈಗಷ್ಟೇ ಮಗ್ಗದಿಂದ ಇಳಿಸಿದಂತಿದೆ. ಅತ್ತುಬಿಟ್ಟೆ. ಹೆದರಿದೆ ಕೂಡ.

ಪೆಟ್ಟಿಗೆಯಲ್ಲಿದ್ದುದನ್ನು ಸುಡಬೇಕೆಂದು ಎದ್ದೆ — ಸುಟ್ಟರೆ ಅವ್ವನ ಮಾತನ್ನು ನಾನೇ ಖರೇ ಮಾಡಿದಂತೆ. ಕೀಲಿ ಹಾಕಿದೆ. ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡೆ. ಹೆಂಡತಿ ಹೊನ್ನವ್ವನಿಗೆ ಏನೂ ಹೇಳಲಿಲ್ಲ. ಹೇಳಿದರೆ ಬಸುರಿಯ ಕಿವಿಗೆ ಬೀಳುತ್ತದೆ.

೧೫ ಫೆಬ್ರುವರಿ, ಸೋಮವಾರ, ಬೆಳಗ್ಗೆ

ಇವತ್ತು ಕುಬಸ. ಪೇಟೆಯಿಂದ ಬೇರೆ ಹಸಿರು ಸೀರೆ ತಂದು ಕೊಟ್ಟೆ. ನೇಕಾರನ ಮಗಳಿಗೆ ಅಂಗಡಿ ಸೀರೆ — ಬಂದ ಹೆಂಗಸರು ಆಡಿಕೊಳ್ಳಲಿ.

ಮಧ್ಯಾಹ್ನ

ಮಗ್ಗದ ಕೋಣೆಯಲ್ಲಿ ಒಬ್ಬನೇ. ನಡುಮನೆಯಲ್ಲಿ ಸೋಬಾನ. ಯಾಕೋ ಫೋಟೋ ತೆಗೆದೆ. ನಿರಿಗೆಯ ಬುಡದಲ್ಲಿ ಕಪ್ಪು ಚುಕ್ಕೆ.

ಉಡದಾರ ಮುಟ್ಟಿ ನೋಡಿಕೊಂಡೆ. ಕೀಲಿಕೈ ಇದೆ. ನನಗೆ ನಾನೇ ಹೇಳಿಕೊಳ್ಳಲೆಂದು ಬರೆಯುತ್ತಿದ್ದೇನೆ. ಸೀರೆ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆಗೆ ಕೀಲಿ ಇದೆ.

ಹೊನ್ನವ್ವ ಕೂಗುತ್ತಿದ್ದಾಳೆ — "ಲಗೂ ಬರ್ರಿ, ಆರತಿ ಹಚ್ಚೇವಿ. ನಿಮ್ಮ ಮಗಳು ಅಂಗಡಿ ಸೀರಿ ಒಲ್ಲೆ ಅಂದ್ಲು, ಅಪ್ಪ ನೇದದ್ದ ಉಟ್ಟಾಳ. ಪೆಟ್ಟಿಗಿದು ಇನ್ನೊಂದು ಕೀಲಿ ನನ್ನ ಕಡೆ ಇತ್ತಲ್ರಿ..."

ಆರತಿಯಲ್ಲಿ ಐದು ದೀಪ. ಅವಳ ನಿರಿಗೆ—